ಹಾಳು ಮಾಡಲು ಒಂದು ಕಂಪ್ಯೂಟರ್

ಹೋದ ವರ್ಷ ಜೂನ್‌ನ ಒಂದು ಭಾನುವಾರ ತಿಪಟೂರಿನಿಂದ ಅಕ್ಕ ಫೋನ್ ಮಾಡಿದ್ದಳು. ಮಗನ ಬಿಸಿಎ ಮುಗಿದಿದೆ, ಬೆಂಗಳೂರಿನಲ್ಲಿ ಯಾವುದೋ ಲಿನಕ್ಸ್ ಕೋರ್ಸ್ ಇದೆಯಂತೆ, ಮೂರು ತಿಂಗಳಿಗೆ 45 ಸಾವಿರ ಫೀಸು, ಪಿಜಿ ಬಾಡಿಗೆ ಬೇರೆ. "ನೀನೂ ಅದೇ ಕೆಲಸ ತಾನೇ ಮಾಡೋದು, ಕಟ್ಟೋದಾ ಬೇಡ್ವಾ ಹೇಳು" ಅಂದಳು. ನಾನು ಯೋಚನೆಯನ್ನೇ ಮಾಡದೆ ಬೇಡ ಅಂದುಬಿಟ್ಟೆ. ವಿಂಡೋಸ್ ಹಾಗೆ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಅನ್ನುವುದೇ ಪುಕ್ಕಟೆ, ಅದನ್ನು ಕಲಿಸುವ ಪಾಠಗಳೂ ಪುಕ್ಕಟೆ, ಅದಕ್ಕೆ ಯಾಕೆ ಅಷ್ಟು ದುಡ್ಡು ಸುರಿಯಬೇಕು ಅಂತ ಒಂದು ಸಣ್ಣ ಭಾಷಣ ಬೇರೆ ಬಿಗಿದೆ. ಫೋನ್ ಇಟ್ಟ ಮೇಲೆ ಇರಿಸುಮುರಿಸು ಶುರುವಾಯಿತು.

ಯಾಕೆಂದರೆ ಪುಕ್ಕಟೆ ಸಿಕ್ಕ ಮಾತ್ರಕ್ಕೆ ನಾನೇನೂ ಕಲಿತಿರಲಿಲ್ಲ. ನಮ್ಮ ಕಾಲೇಜಿನಲ್ಲಿ ಯುನಿಕ್ಸ್ ಲ್ಯಾಬ್ ಇತ್ತು, ಯುನಿಕ್ಸ್ ಅಂದರೆ ಲಿನಕ್ಸಿಗೆ ಮಾದರಿಯಾದ ಹಳೇ ವ್ಯವಸ್ಥೆ. 30 ಕಂಪ್ಯೂಟರ್, ಎಲ್ಲದರಲ್ಲೂ ಲಿನಕ್ಸ್. ಆದರೆ "ರೆಕಾರ್ಡ್‌ನಲ್ಲಿ ಇರೋದು ಬಿಟ್ಟು ಬೇರೆ ಏನೂ ಹೊಡೀಬೇಡಿ" ಅನ್ನುವುದು ಲ್ಯಾಬ್ ಅಟೆಂಡರ್ ಬಾಯಲ್ಲಿ ದಿನಾ ಬರುತ್ತಿದ್ದ ಮಾತು. ಪಾಪ, ಅವರದೂ ತಪ್ಪಲ್ಲ, ಒಂದು ಕಂಪ್ಯೂಟರ್ ಕೆಟ್ಟರೆ ಮೇಲಿನವರಿಗೆ ಉತ್ತರ ಕೊಡಬೇಕಾದವರು ಅವರೇ. ನಾವು 12 ಶೆಲ್ ಪ್ರೋಗ್ರಾಂ ಬಾಯಿಪಾಠ ಮಾಡಿದೆವು. ಪರೀಕ್ಷೆಯಲ್ಲಿ ಚೀಟಿ ಎತ್ತಿದಾಗ ನನಗೆ ಬಂದದ್ದು ಪ್ಯಾಲಿಂಡ್ರೋಮ್, ಹಿಂದಿನಿಂದ ಓದಿದರೂ ಅದೇ ಆಗುವ ಪದವನ್ನು ಪತ್ತೆ ಮಾಡುವುದು. ಒಂದಕ್ಷರ ಬಿಡದೆ ಬರೆದೆ, ಪೂರ್ತಿ ಅಂಕ ಬಂತು. ಆವತ್ತು ಯಾರಾದರೂ ಬಂದು, ಈ ಫೋಲ್ಡರಿನಲ್ಲಿರುವ ಫೈಲನ್ನು ಆ ಫೋಲ್ಡರಿಗೆ ಹಾಕಪ್ಪಾ ಅಂದಿದ್ದರೆ ಬೆವೆತುಹೋಗುತ್ತಿದ್ದೆ.

(ಒಂದು ಮಾತು. ಕಂಪ್ಯೂಟರಿಗೆ ಟೈಪ್ ಮಾಡಿ ಕೊಡುವ ಅಪ್ಪಣೆಗಳನ್ನು, ಅಂದರೆ ಕಮಾಂಡ್‌ಗಳನ್ನು ಇಲ್ಲಿ ನಾವು ಬಾಯಲ್ಲಿ ಹೇಳುವ ಹಾಗೇ ಬರೆಯುತ್ತಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಅನ್ನುವುದು ನಿಮಗೆ ಗೊತ್ತೇ ಇದೆ.)

ಹದಿನಾಲ್ಕು ಮದುವೆ

ನಿಜವಾಗಿ ಕಲಿತದ್ದು ಅರಸೀಕೆರೆಯ ಒಂದು ಡಿಟಿಪಿ ಅಂಗಡಿಯಲ್ಲಿ, ಅದೂ ಒಂದು ಅನಾಹುತ ಮಾಡಿಕೊಂಡ ಮೇಲೆ. 2006ರ ಬೇಸಿಗೆ. ರಜಕ್ಕೆ ಊರಿಗೆ ಬಂದಾಗ ಆ ಅಂಗಡಿಯಲ್ಲಿ ಕೂತು ಟೈಪ್ ಮಾಡುತ್ತಿದ್ದೆ, ಪುಟಕ್ಕೆ 5 ರೂಪಾಯಿ. ಆ ಕಾಲಕ್ಕೆ ಕೆನಾನಿಕಲ್ ಕಂಪನಿಯವರು ಶಿಪ್‌ಇಟ್ ಅಂತ ಒಂದು ವ್ಯವಸ್ಥೆ ಇಟ್ಟಿದ್ದರು. ವಿಳಾಸ ಕೊಟ್ಟರೆ ಸಾಕು, ಉಬುಂಟು ಅನ್ನುವ ಲಿನಕ್ಸಿನ ಸಿಡಿಯನ್ನು ಅಂಚೆ ಖರ್ಚೂ ತಗೊಳ್ಳದೆ ಮನೆಗೆ ಕಳಿಸುತ್ತಿದ್ದರು. 2011ರಲ್ಲಿ ಅದನ್ನು ನಿಲ್ಲಿಸಿದರು. ನಾನು ಸೈಬರ್ ಸೆಂಟರಿನಲ್ಲಿ ಕೂತು ಅರ್ಜಿ ಹಾಕಿ ಮರೆತೇಬಿಟ್ಟಿದ್ದೆ. ವಾರಗಳ ಮೇಲೆ ವಿದೇಶದಿಂದ ಒಂದು ಲಕೋಟೆ ಬಂತು. ನಮ್ಮಪ್ಪ ಅದನ್ನು ಅಕ್ಕಪಕ್ಕದವರಿಗೆಲ್ಲ ತೋರಿಸಿ ಆಮೇಲೆ ನನ್ನ ಕೈಗೆ ಕೊಟ್ಟರು.

ಒಳಗೆ ಎರಡು ಸಿಡಿ, ಉಬುಂಟು 5.10. ಒಂದು ಸುಮ್ನೆ ಹಾಕಿ ನೋಡುವುದಕ್ಕೆ, ಅದರಿಂದ ಕಂಪ್ಯೂಟರಿಗೆ ಏನೂ ಆಗುವುದಿಲ್ಲ. ಇನ್ನೊಂದು ಡಿಸ್ಕಿಗೆ ಇಳಿಸುವುದಕ್ಕೆ. ಒಂದು ಮಧ್ಯಾಹ್ನ ಅಂಗಡಿಯ ಅಣ್ಣ ಊಟಕ್ಕೆ ಹೋದಾಗ, ಯಾವುದು ಯಾವುದು ಅಂತ ಸರಿಯಾಗಿ ಓದದೆ ಒಂದನ್ನು ತೆಗೆದು ಡ್ರೈವಿಗೆ ಹಾಕಿದೆ. ನೀಲಿ ಪರದೆ ಬಂತು. ಪ್ರಶ್ನೆ ಮೇಲೆ ಪ್ರಶ್ನೆ. ಎಲ್ಲದಕ್ಕೂ ಎಂಟರ್ ಒತ್ತುತ್ತಾ ಹೋದೆ. 'ಡಿಸ್ಕ್ ಪೂರ್ತಿ ಅಳಿಸು' ಅನ್ನುವ ಸಾಲಿಗೂ ಎಂಟರ್. ಕೊನೆಯಲ್ಲಿ ಅದು ಪಾಪ ಇನ್ನೊಂದು ಸಲ ಕೇಳಿತು, ಬದಲಾವಣೆಗಳನ್ನು ಡಿಸ್ಕಿಗೆ ಬರೆಯಲಾ ಅಂತ. ಆ ಒಂದು ಕಡೆ ಮಾತ್ರ ಬರೀ ಎಂಟರ್ ಒತ್ತಿದರೆ ಆಗುತ್ತಿರಲಿಲ್ಲ, ಬೇಕೆಂದೇ ಪಕ್ಕದ ಗುಂಡಿಗೆ ಸರಿದು 'ಯೆಸ್' ಅನ್ನಬೇಕಿತ್ತು. ನಾನು ಸರಿದು ಯೆಸ್ ಅಂದೆ.

ಆ ಡಿಸ್ಕಿನಲ್ಲಿ 14 ಮದುವೆ ಇದ್ದವು. ಪೇಜ್‌ಮೇಕರಿನಲ್ಲಿ ಕೂರಿಸಿದ್ದ ಲಗ್ನಪತ್ರಿಕೆಗಳು. ಕೆಲವಕ್ಕೆ ಎರಡನೇ ಪ್ರೂಫ್ ಆಗಿತ್ತು, ಮೂರು ಮಾರನೇ ದಿನ ಪ್ರೆಸ್ಸಿಗೆ ಹೋಗಬೇಕಿತ್ತು. ಅಣ್ಣ ಎಲೆಅಡಿಕೆ ಜಗಿಯುತ್ತಾ ಒಳಗೆ ಬಂದವರು ಪರದೆ ನೋಡಿದರು. ಆಗಿನ ಉಬುಂಟು ಪೂರ್ತಿ ಕಂದು ಬಣ್ಣ. "ಇದೇನೋ, ಮಣ್ಣು ಮೆತ್ತಿದೀಯಾ" ಅಂದರು. ನಾನು ಏನಾಯಿತು ಅಂತ ಹೇಳುವಷ್ಟರಲ್ಲಿ ಗಂಟಲು ಒಣಗಿತ್ತು. ಅವರು ಬೈಯಲಿಲ್ಲ. ಹೊರಗೆ ಹೋಗಿ ಎಲೆಅಡಿಕೆ ಉಗಿದು ಬಂದರು, ಕಸದ ಬುಟ್ಟಿಯನ್ನು ನೆಲಕ್ಕೆ ಬೋರಲು ಹಾಕಿ ಹಳೇ ಪ್ರೂಫ್‌ಗಳನ್ನು ಒಂದೊಂದಾಗಿ ಬಿಡಿಸಿ ನನ್ನ ಮುಂದೆ ಇಟ್ಟರು. ನಾಲ್ಕು ರಾತ್ರಿ ಕೂತು ಎಲ್ಲವನ್ನೂ ಮತ್ತೆ ಟೈಪ್ ಮಾಡಿದೆ. ಕುಲದೇವತಾ ಪ್ರಸನ್ನ, ಸಕುಟುಂಬ ಸಪರಿವಾರ ಸಮೇತರಾಗಿ, ಸುಖಾಗಮನ ಬಯಸುವವರು. ಇವತ್ತಿಗೂ ಕೈಗೆ ಲಗ್ನಪತ್ರಿಕೆ ಬಂದರೆ ಬೆರಳು ತಾನಾಗಿಯೇ ಆಡುತ್ತದೆ.

ಮೇಜಿನ ಕೆಳಗಿನ ಡಬ್ಬ

ಐದನೇ ದಿನ ಅಣ್ಣ ಮೇಜಿನ ಕೆಳಗಿಂದ ಒಂದು ಹಳೇ ಡಬ್ಬವನ್ನು ಕಾಲಲ್ಲೇ ತಳ್ಳಿದರು. ಪೆಂಟಿಯಂ 3, 128 ಎಂಬಿ ರ‍್ಯಾಮ್, ಒಂದು ಪಕ್ಕದ ತಗಡೇ ಇಲ್ಲ, ಫ್ಯಾನ್ ಹಿಟ್ಟಿನ ಗಿರಣಿ ಹಾಗೆ ಸದ್ದು ಮಾಡುತ್ತಿತ್ತು. "ನಿನ್ನ ಪ್ರಯೋಗ ಎಲ್ಲಾ ಇದರ ಮೇಲೆ ಮಾಡ್ಕೋ. ಇದು ಸತ್ರೂ ಚಿಂತೆ ಇಲ್ಲ. ಆ ಮಿಷನ್ ಮುಟ್ಟಿದ್ರೆ ಮಾತ್ರ ಕೈ ಮುರೀತೀನಿ."

ಅದಕ್ಕೂ ಅದೇ ಸಿಡಿ ಹಾಕಿದೆ. ಕಂದು ಪರದೆ ಬರುವಷ್ಟರಲ್ಲಿ ಎದುರು ಹೋಟೆಲಿಗೆ ಹೋಗಿ ಟೀ ಕುಡಿದು ಬರಬಹುದಿತ್ತು. ಮೌಸ್ ಅಲ್ಲಾಡಿಸಿದರೆ ಬಾಣ ಆಮೇಲೆ ಯಾವಾಗಲೋ ಅಲ್ಲಾಡುತ್ತಿತ್ತು. ಸಹಾಯದ ಪುಟ ತಿರುವಿ ನೋಡಿದಾಗ ಗೊತ್ತಾಯಿತು, ಶುರುವಿನಲ್ಲೇ 'ಸರ್ವರ್' ಅಂತ ಟೈಪ್ ಮಾಡಿದರೆ ಚಿತ್ರಗಿತ್ರ ಏನೂ ಇಲ್ಲದ ಲಿನಕ್ಸ್ ಕೂರುತ್ತದೆ ಅಂತ. ಹಾಗೇ ಮಾಡಿದೆ. ಕಪ್ಪು ಪರದೆ, ಮಿನುಗುವ ಒಂದು ಗೆರೆ, ಅಷ್ಟೇ. ಆಗ ಆ ಡಬ್ಬ ಕುದುರೆಯ ಹಾಗೆ ಓಡತೊಡಗಿತು. ಕಮಾಂಡ್ ಲೈನ್ ಮೇಲೆ ನನಗೇನೂ ಪ್ರೀತಿ ಇರಲಿಲ್ಲ. ಆ ಮಿಷನ್ನಿನಲ್ಲಿ ಬೇರೆ ದಾರಿಯೇ ಇರಲಿಲ್ಲ, ನಿಜ ಹೇಳಬೇಕೆಂದರೆ ಅಷ್ಟೇ.

ಗೊತ್ತಿದ್ದದ್ದು ಮೂರು ಕಮಾಂಡ್. ಏನೇನಿದೆ ತೋರಿಸುವ 'ಎಲ್‌ಎಸ್', ಬೇರೆ ಕಡೆ ಹೋಗುವ 'ಸಿಡಿ', ಎಲ್ಲಿದ್ದೇನೆ ಹೇಳುವ 'ಪಿಡಬ್ಲ್ಯೂಡಿ'. ಈ ಮೂರನೆಯದು ನಮ್ಮ ಸರ್ಕಾರದಲ್ಲಿ ರಸ್ತೆ ಮಾಡುವ ಇಲಾಖೆ, ಲಿನಕ್ಸಿನಲ್ಲಿ ಮಾತ್ರ ಕೇಳಿದ ತಕ್ಷಣ ಉತ್ತರ ಕೊಡುತ್ತದೆ. ಅಂಗಡಿಗೆ ಇಂಟರ್‌ನೆಟ್ ಇರಲಿಲ್ಲ. ಇದ್ದ ಒಬ್ಬನೇ ಮೇಷ್ಟ್ರು 'ಮ್ಯಾನ್'. 'ಮ್ಯಾನ್ ಎಲ್‌ಎಸ್' ಅಂತ ಹೊಡೆದೆ. ಆ ಕಮಾಂಡ್‌ನ ಕೈಪಿಡಿ ತೆರೆಯಿತು. ಓದಿದೆ, ಅರ್ಧ ಅರ್ಥವಾಯಿತು. ಹೊರಗೆ ಬರುವುದು ಹೇಗೆ? ಎಸ್ಕೇಪ್ ಒತ್ತಿದೆ, ಎಂಟರ್ ಒತ್ತಿದೆ, 'ಎಕ್ಸಿಟ್' ಅಂತ ಟೈಪ್ ಮಾಡಿದೆ. ಏನು ಮಾಡಿದರೂ ಬಿಡಲಿಲ್ಲ. ಕೊನೆಗೆ ಪ್ಲಗ್ಗನ್ನೇ ಕಿತ್ತೆ. ಮತ್ತೆ ಹಾಕಿದಾಗ ಡಿಸ್ಕ್ ಸರಿಪಡಿಸುತ್ತಿದ್ದೇನೆ ಅಂತ ಏನೇನೋ ಸಾಲುಗಳು ಓಡಿದವು, ಆಮೇಲೆ ಏನೂ ಆಗದವರ ಹಾಗೆ ಲಾಗಿನ್ ಕೇಳಿತು. ಮೂರು ದಿನದಲ್ಲಿ ಹೀಗೆ ಹತ್ತು ಸಲವಾದರೂ ಪ್ಲಗ್ ಕಿತ್ತಿರಬೇಕು. 'ಕ್ಯೂ' ಒತ್ತಿದರೆ ಹೊರಗೆ ಬರಬಹುದು ಅಂತ ತಿಳಿದದ್ದು ಕೀಬೋರ್ಡಿನ ಒಂದೊಂದೇ ಅಕ್ಷರವನ್ನು ಸಾಲಾಗಿ ಒತ್ತುತ್ತಾ ಹೋದಾಗ. ಈಗಿನ ಲಿನಕ್ಸಿನಲ್ಲಿ ಇದನ್ನು ಪರದೆಯ ಕೆಳಗೇ ಬರೆದಿರುತ್ತಾರೆ.

ಹೀಗೆ ಹತ್ತು ಸಲ ಪ್ಲಗ್ ಕೀಳುವುದು ಕಾಲೇಜ್ ಲ್ಯಾಬ್‌ನಲ್ಲಿ ಸಾಧ್ಯವಿತ್ತಾ? ಒಂದನೇ ಸಲಕ್ಕೇ ಪ್ರಿನ್ಸಿಪಾಲರ ಕೋಣೆ ನೋಡುತ್ತಿದ್ದೆ.

ಇನ್ನೊಂದು ಉಪಕಾರವನ್ನು ಅಣ್ಣ ಗೊತ್ತಿಲ್ಲದೇ ಮಾಡಿದರು. "ಸುಮ್ನೆ ಕಟಕಟ ಅನ್ನಿಸೋ ಬದಲು ಈ ಬಿಲ್ ಪುಸ್ತಕ ಲೆಕ್ಕ ಹಾಕಿಕೊಡು" ಅಂದರು. ಒಂದು ಬಿಲ್ಲಿಗೆ ಒಂದು ಸಾಲು: ತಾರೀಖು, ಕೆಲಸ, ಎಷ್ಟು ಪ್ರತಿ, ಎಷ್ಟು ರೂಪಾಯಿ. ಆ ಕಪ್ಪು ಪರದೆಯಲ್ಲಿ ಕನ್ನಡ ಬರುತ್ತಿರಲಿಲ್ಲ, ಹಾಗಾಗಿ ಮದುವೆ, ನಾಮಕರಣ, ತಿಥಿ ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದೆ. ಆಮೇಲೆ 'ಗ್ರೆಪ್' ಹಾಕಿ ಮದುವೆಯ ಸಾಲುಗಳನ್ನು ಮಾತ್ರ ಹೆಕ್ಕಿದೆ. ಅದರ ಬಾಯಿಂದ ಬಂದದ್ದನ್ನು 'ಆಕ್' ಅನ್ನುವುದಕ್ಕೆ ಪೈಪಿನಲ್ಲಿ ಹರಿಸಿ ನಾಲ್ಕನೇ ಕಾಲಂ ಕೂಡಿಸಿದೆ. ಒಂದು ಸಾಲಿನ ಕಮಾಂಡ್. ಅದನ್ನು ಸರಿಯಾಗಿ ಬರೆಯುವುದಕ್ಕೆ ಎರಡು ದಿನ ಹಿಡಿಯಿತು. ಉತ್ತರ ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಬಂತು. ಅಣ್ಣ ನಂಬಲಿಲ್ಲ, ಕ್ಯಾಲ್ಕುಲೇಟರ್ ತಗೊಂಡು ಅರ್ಧ ಗಂಟೆ ಕೂಡಿಸಿದರು. ಅವರ ಲೆಕ್ಕದಲ್ಲಿ 150 ರೂಪಾಯಿ ವ್ಯತ್ಯಾಸ ಬಂತು. ಮತ್ತೆ ಕೂಡಿಸಿದರು. ನನ್ನದೇ ಸರಿ ಇತ್ತು. ಅಂಕಪಟ್ಟಿಯ ಯಾವ ಅಂಕವೂ ನನಗೆ ಅಷ್ಟು ಸಂತೋಷ ಕೊಟ್ಟಿಲ್ಲ.

ಹಾಗಾದರೆ ಈಗ ಎಲ್ಲಿ ಹಾಳು ಮಾಡುವುದು?

ಅಕ್ಕನಿಗೆ ಭಾಷಣ ಬಿಗಿದ ರಾತ್ರಿ ನನಗೆ ಹೊಳೆದದ್ದು ಇದು. ಹುಡುಗನಿಗೆ ಪಾಠ ಬೇಕಾದಷ್ಟು ಸಿಗುತ್ತದೆ. ಕೆಟ್ಟರೂ ಯಾರೂ ಕೇಳದ ಒಂದು ಡಬ್ಬ ಅವನಿಗೆ ಎಲ್ಲಿದೆ? ಅವರ ಮನೆಯಲ್ಲಿ ಕಂಪ್ಯೂಟರೇ ಇರಲಿಲ್ಲ. ಇದ್ದದ್ದು ಒಂದು ಆಂಡ್ರಾಯ್ಡ್ ಫೋನ್, ಅದರ ಗಾಜಿಗೆ ಒಂದು ಮೂಲೆಯಲ್ಲಿ ಬಿರುಕು.

ಸರಿ, ಅಲ್ಲಿಂದಲೇ ಶುರು ಮಾಡಿದೆವು. ಆಂಡ್ರಾಯ್ಡಿನ ಹೊಟ್ಟೆಯಲ್ಲಿ ಇರುವುದೇ ಲಿನಕ್ಸಿನ ತಿರುಳು, ಅಂದರೆ ಕರ್ನೆಲ್. ಟರ್ಮಕ್ಸ್ ಅನ್ನುವ ಆ್ಯಪ್ ಹಾಕಿಕೊಂಡರೆ ಫೋನಿನಲ್ಲೇ ಕಪ್ಪು ಪರದೆ ಸಿಗುತ್ತದೆ, ಫೋನಿನ ಪೂರ್ತಿ ಅಧಿಕಾರ ಕಿತ್ತುಕೊಳ್ಳುವ 'ರೂಟ್' ಗೋಜಿಲ್ಲ. ಎಫ್-ಡ್ರಾಯ್ಡ್ ಅನ್ನುವ ಆ್ಯಪ್ ಅಂಗಡಿಯಿಂದ ಇಳಿಸಿಕೊಳ್ಳುವುದು ಒಳ್ಳೆಯದು. 'ಪಿಕೆಜಿ ಇನ್‌ಸ್ಟಾಲ್' ಅಂತ ಹೊಡೆದು ಬೇಕಾದ್ದನ್ನು ತರಿಸಿಕೊಳ್ಳಬಹುದು. ಇದು ಪೂರಾ ಲಿನಕ್ಸ್ ಅಲ್ಲ, ಫೈಲುಗಳು ಇರಬೇಕಾದ ಜಾಗದಲ್ಲಿ ಇರುವುದಿಲ್ಲ, ಸರ್ವಿಸ್‌ಗಳನ್ನು ನಡೆಸುವ ರೀತಿಯೂ ಬೇರೆ. ಅದು ಕಾಡತೊಡಗಿದರೆ 'ಪ್ರೂಟ್-ಡಿಸ್ಟ್ರೋ' ಹಾಕಿ ಅದರೊಳಗೇ ಡೆಬಿಯನ್ ಅನ್ನುವ ಲಿನಕ್ಸ್ ಕೂರಿಸಬಹುದು. ಮುಖ್ಯವಾದ ವಿಷಯ ಬೇರೆ ಇದೆ: ಟರ್ಮಕ್ಸ್ ಒಳಗೆ ಏನು ಅಳಿಸಿದರೂ ಫೋನ್ ಕೆಡುವುದಿಲ್ಲ. ಆ್ಯಪಿನ ಡೇಟಾ ಅಳಿಸಿ ಮತ್ತೆ ತೆರೆದರೆ ಹೊಸ ಮನೆ ಸಿದ್ಧ. ಒಂದೇ ಎಚ್ಚರಿಕೆ, ಫೋಟೋ ಇರುವ ಜಾಗಕ್ಕೆ ಅದಕ್ಕೆ ಅನುಮತಿ ಕೊಟ್ಟ ಮೇಲೆ ಈ ಮಾತು ನಡೆಯುವುದಿಲ್ಲ. ಅಲ್ಲಿ ಅಳಿಸುವ ಕಮಾಂಡ್ 'ಆರ್‌ಎಂ' ಹೊಡೆದರೆ ಹೋದದ್ದು ಹೋಯಿತು, ಕಸದ ಬುಟ್ಟಿ ಅಂತ ಒಂದಿಲ್ಲ.

ಗಾಜಿನ ಮೇಲೆ ಕಮಾಂಡ್ ಹೊಡೆಯುವುದು ಮಾತ್ರ ಶಿಕ್ಷೆ. ಅದಕ್ಕೆ ಫೋನಿಗೆ ಕೀಬೋರ್ಡ್ ಸಿಕ್ಕಿಸುವ ಒಂದು ಒಟಿಜಿ ಪಿನ್ನು, ಒಂದು ಹಳೇ ಯುಎಸ್‌ಬಿ ಕೀಬೋರ್ಡ್. ಕೀಬೋರ್ಡ್ ನನ್ನ ಹತ್ತಿರ ಬಿದ್ದಿತ್ತು, ಪಿನ್ನು ತಿಪಟೂರಿನಲ್ಲೇ 60 ರೂಪಾಯಿಗೆ ಸಿಕ್ಕಿತು. ಮೊದಲ ಎರಡು ತಿಂಗಳಿಗೆ ಅವನ ಖರ್ಚು ಅಷ್ಟೇ, ಮತ್ತೆ ದಿನದ ಡೇಟಾ.

ಮನೆಯಲ್ಲಿ ವಿಂಡೋಸ್ ಕಂಪ್ಯೂಟರ್ ಇರುವವರಿಗೆ ಇನ್ನೂ ಸುಲಭ. ವಿಂಡೋಸ್ 10, 11ರಲ್ಲಿ 'ಡಬ್ಲ್ಯೂಎಸ್‌ಎಲ್' ಇದೆ, ಒಂದು ಕಮಾಂಡ್ ಹೊಡೆದರೆ ಒಳಗೆ ಉಬುಂಟು ಬಂದು ಕೂರುತ್ತದೆ. ಕೆಟ್ಟರೆ ಕಿತ್ತುಹಾಕಿ ಮತ್ತೆ ಕೂರಿಸಿ. ಆದರೆ ಅದರೊಳಗಿಂದ ನಿಮ್ಮ ಸಿ ಡ್ರೈವ್ ಕೂಡ ಕಾಣುತ್ತದೆ, ಅಲ್ಲಿಗೆ ಹೋಗಿ ಆಟ ಆಡಬೇಡಿ. ರ‍್ಯಾಮ್ 8 ಜಿಬಿ ಇದ್ದರೆ ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಇದ್ದ ಹಾಗೆ ಮಾಡುವ ವರ್ಚುವಲ್‌ಬಾಕ್ಸ್ ನನಗೆ ಹೆಚ್ಚು ಇಷ್ಟ. ಅದರಲ್ಲಿ ಸ್ನ್ಯಾಪ್‌ಶಾಟ್ ಅಂತ ಇದೆ, ಸರಿ ಇದ್ದಾಗ ಒಂದು ಗುರುತು ಹಾಕಿಟ್ಟುಕೊಂಡು ಆಮೇಲೆ ಮನಸೋ ಇಚ್ಛೆ ಹಾಳು ಮಾಡಿ ವಾಪಸ್ ಬರಬಹುದು. ಗೂಗಲ್ ಖಾತೆ ಇದ್ದವರು ಕ್ಲೌಡ್ ಶೆಲ್ ತೆರೆಯಬಹುದು, ಬ್ರೌಸರಿನಲ್ಲೇ ಗೂಗಲಿನ ದೂರದ ಒಂದು ಲಿನಕ್ಸ್ ಯಂತ್ರ ಸಿಗುತ್ತದೆ, ಕಾರ್ಡ್ ಕೇಳುವುದಿಲ್ಲ, ವಾರಕ್ಕೆ 50 ಗಂಟೆ. ನಿಮ್ಮ ಹೋಮ್ ಫೋಲ್ಡರಿನ 5 ಜಿಬಿ ಉಳಿಯುತ್ತದೆ, ಮಿಕ್ಕ ಯಂತ್ರ ಬಿಟ್ಟುಹೋದ ಸ್ವಲ್ಪ ಹೊತ್ತಿಗೆ ಮಾಯ. ಕಲಿಯುವವನಿಗೆ ಆ ಮಾಯವಾಗುವುದೇ ದೊಡ್ಡ ಅನುಕೂಲ. ಕಾರ್ಡ್ ನಂಬರ್ ಕೇಳುವ 'ಒಂದು ವರ್ಷ ಉಚಿತ' ಕ್ಲೌಡ್‌ಗಳ ಸಹವಾಸ ಹೊಸಬರಿಗೆ ಬೇಡ. ನಾನೇ ಒಮ್ಮೆ ಒಂದು ಸರ್ವರ್ ಆರಿಸುವುದು ಮರೆತು 2,700 ರೂಪಾಯಿ ತೆತ್ತಿದ್ದೇನೆ, ಅದೂ ಈ ಕೆಲಸದಲ್ಲಿ ಸಂಬಳ ಎಣಿಸುವವನಾಗಿ.

ಡ್ಯುಯಲ್ ಬೂಟ್ ಬಗ್ಗೆ ಜಗಳಕ್ಕೆ ಬರುವವರಿದ್ದಾರೆ. ಅರ್ಧ ಡಿಸ್ಕ್ ವಿಂಡೋಸ್, ಅರ್ಧ ಲಿನಕ್ಸ್ ಮಾಡಿಕೊಳ್ಳಿ ಅಂತ ಎಲ್ಲರೂ ಮೊದಲ ದಿನವೇ ಹೇಳಿಕೊಡುತ್ತಾರೆ. ಮನೆಯವರೆಲ್ಲ ಬಳಸುವ ಕಂಪ್ಯೂಟರಿನಲ್ಲಿ ಅದನ್ನು ಮಾಡಬೇಡಿ ಅಂತ ನಾನು ಕೈ ಮುಗಿಯುತ್ತೇನೆ. 14 ಮದುವೆ ಟೈಪ್ ಮಾಡಿದವನ ಮಾತು ಇದು. ಬೇಕಿದ್ದರೆ ಪೆನ್‌ಡ್ರೈವಿನಿಂದ ಓಡಿಸಿ, 8 ಜಿಬಿಯದೊಂದು ಮನೆಯಲ್ಲಿ ಎಲ್ಲೋ ಬಿದ್ದಿರುತ್ತದೆ.

ಸರಿಯಾದರೆ ಮಾತಿಲ್ಲ

ಮೊದಲ ವಾರ ಅಳಿಯ ದಿನಾ ಕೇಳುತ್ತಿದ್ದ ಪ್ರಶ್ನೆ ಒಂದೇ. "ಮಾವ, ಕಮಾಂಡ್ ಹೊಡೆದೆ, ಏನೂ ಬರಲಿಲ್ಲ. ಆಯ್ತೋ ಇಲ್ವೋ?" ಏನೂ ಬರಲಿಲ್ಲ ಅಂದರೆ ಆಯಿತು ಅಂತಲೇ ಅರ್ಥ ಕಣೋ ಅಂತ ಎಷ್ಟು ಸಲ ಹೇಳಿದೆನೋ. ಫೈಲ್ ನಕಲು ಮಾಡಿದರೆ, ಸರಿಸಿದರೆ, ಅಳಿಸಿದರೆ ಅದು ಉಸಿರೆತ್ತುವುದಿಲ್ಲ. ತಪ್ಪಾದಾಗ ಮಾತ್ರ ಬೈಯುತ್ತದೆ. ನಮ್ಮ ತಾತನೂ ಹಾಗೇ ಇದ್ದರು, ಸಾರು ಚೆನ್ನಾಗಿದ್ದರೆ ಸುಮ್ನೆ ಉಂಡು ಎದ್ದು ಹೋಗುತ್ತಿದ್ದರು, ಉಪ್ಪು ಜಾಸ್ತಿ ಆದ ದಿನ ಮಾತ್ರ ಅವರ ದನಿ ಕೇಳುತ್ತಿತ್ತು. ಇದಕ್ಕೊಂದು ಕಾರಣವಿದೆ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ಶುರು ಮಾಡಿದಾಗ ಕಮಾಂಡ್ ಹೊಡೆಯುತ್ತಿದ್ದದ್ದು ಹೆಚ್ಚಾಗಿ ಕಾಗದದ ಮೇಲೆ ಅಚ್ಚು ಹೊಡೆಯುವ ಟೆಲಿಟೈಪಿನಲ್ಲಿ, ಸೆಕೆಂಡಿಗೆ ಹತ್ತು ಅಕ್ಷರ. ಪ್ರತಿ ಸಲ 'ಯಶಸ್ವಿಯಾಗಿ ನಕಲಾಗಿದೆ' ಅಂತ ಅಚ್ಚು ಹೊಡೆಸುತ್ತಾ ಕೂತಿದ್ದರೆ ಕೆಲಸ ಸಾಗುತ್ತಿತ್ತಾ? ಎಷ್ಟೋ ಕಮಾಂಡ್‌ಗಳು ಎರಡೆರಡು ಅಕ್ಷರದವಾಗಿರುವುದೂ ಅದೇ ಜಿಪುಣತನ. ಆ ಟೆಲಿಟೈಪ್ ಹೋಗಿ ಎಷ್ಟೋ ಕಾಲವಾಯಿತು, ಅದರ ಅಭ್ಯಾಸ ಮಾತ್ರ ತಿಪಟೂರಿನ ಒಂದು ಬಿರುಕು ಬಿಟ್ಟ ಫೋನಿನಲ್ಲಿ ಮುಂದುವರಿದಿದೆ.

ಬೈಗುಳಗಳ ಬಗ್ಗೆಯೂ ಹೇಳಬೇಕು. ಹೊಸಬರ ಜೀವನದಲ್ಲಿ ಬರುವ ಬೈಗುಳ ಹೆಚ್ಚೂಕಮ್ಮಿ ಮೂರೇ. 'ಕಮಾಂಡ್ ನಾಟ್ ಫೌಂಡ್', ಅಂದರೆ ಹೆಸರು ತಪ್ಪಾಗಿ ಹೊಡೆದಿದ್ದೀಯ, ಇಲ್ಲವೇ ಅದನ್ನು ಇನ್ನೂ ಹಾಕಿಕೊಂಡಿಲ್ಲ. 'ನೋ ಸಚ್ ಫೈಲ್ ಆರ್ ಡೈರೆಕ್ಟರಿ', ಅಂದರೆ ನೀನು ಎಲ್ಲಿದ್ದೀಯ ಅಂತಲೇ ನಿನಗೆ ಗೊತ್ತಿಲ್ಲ, ಪಿಡಬ್ಲ್ಯೂಡಿ ಕೇಳು. 'ಪರ್ಮಿಷನ್ ಡಿನೈಡ್', ಅಂದರೆ ಅದು ನಿನ್ನದಲ್ಲ. ಈ ಮೂರನೆಯದಕ್ಕೆ ಎಲ್ಲರೂ ಹೇಳಿಕೊಡುವ ಮದ್ದು 'ಸುಡೋ', ಯಜಮಾನನ ಅಧಿಕಾರದಲ್ಲಿ ಅದೇ ಕಮಾಂಡ್ ಮತ್ತೆ ಓಡಿಸು ಅಂತ. ಯಾಕೆ ಬೇಡ ಅಂತು ಅಂತ ನೋಡದೆ ಸುಡೋ ಹೊಡೆಯುವ ಚಟ ಒಮ್ಮೆ ಹತ್ತಿದರೆ ಬಿಡಿಸುವುದು ಕಷ್ಟ. ನನ್ನ ಜೊತೆ ಕೆಲಸ ಮಾಡುವ ಹತ್ತು ವರ್ಷ ಅನುಭವದವರಲ್ಲೂ ಅದನ್ನು ನೋಡಿದ್ದೇನೆ.

ಕನ್ನಡ ಮೀಡಿಯಂನಲ್ಲಿ ಓದಿದ ಹುಡುಗರು ಇಂಗ್ಲಿಷ್ ಬರದೆ ಇದೆಲ್ಲ ಆಗುವುದಿಲ್ಲ ಅಂದುಕೊಳ್ಳುತ್ತಾರೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಲಿನಕ್ಸಿನ ಮೂಲ ಪಾಠಗಳು ಕನ್ನಡ ದನಿಯಲ್ಲಿ ಸಿಗುತ್ತವೆ, ಚಿಕ್ಕಚಿಕ್ಕ ವಿಡಿಯೊ, ದುಡ್ಡಿಲ್ಲ. ಪಕ್ಕದಲ್ಲಿಟ್ಟುಕೊಂಡು ಜೊತೆಜೊತೆಗೇ ಹೊಡೆಯುತ್ತಾ ಹೋಗುವುದು ಅದರ ಕ್ರಮ. ಕನ್ನಡ ಸ್ವಲ್ಪ ಪಠ್ಯಪುಸ್ತಕದ ಹಾಗಿದೆ, ಮೊದಲಿಗೆ ನಗು ಬರುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ. ಅಳಿಯ ಮೊದಲ ಹದಿನೈದು ದಿನ ಅದರಲ್ಲೇ ಕಲಿತ.

ರಾತ್ರಿ 11ಕ್ಕೆ ಬಂದ ಫೋನ್

ಆಮೇಲೆ ಅವನನ್ನು ಬ್ಯಾಂಡಿಟ್‌ಗೆ ತಳ್ಳಿದೆ. ಓವರ್‌ದಿವೈರ್ ಅನ್ನುವವರು ನಡೆಸುವ ಆಟ ಅದು, ಪುಕ್ಕಟೆ. ದೂರದ ಒಂದು ಕಂಪ್ಯೂಟರಿಗೆ 'ಎಸ್‌ಎಸ್‌ಎಚ್' ಮೂಲಕ ಹೋಗಬೇಕು, ಅಲ್ಲಿ ಎಲ್ಲೋ ಒಂದು ಫೈಲಿನಲ್ಲಿ ಮುಂದಿನ ಹಂತದ ಪಾಸ್‌ವರ್ಡ್ ಇರುತ್ತದೆ, ಹುಡುಕಿಕೊಂಡು ಮುಂದೆ ಹೋಗಬೇಕು. ಸಾಲಾಗಿ ಪಾಠ ಹೇಳುವವರು ಇಲ್ಲ. ನೀವೇ ಮ್ಯಾನ್ ಓದಬೇಕು. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆ ಮೇಷ್ಟ್ರು ಬೇರೆ ಇಲ್ಲ, ಯಾಕೆಂದರೆ ಅಲ್ಲಿ ತಪ್ಪು ಮಾಡಿದರೆ ಏನೂ ಕೆಡುವುದಿಲ್ಲ, ಕಂಪ್ಯೂಟರ್ ಬೇರೆಯವರದು.

ಮೊದಲ ಬಾಗಿಲು ಐದು ನಿಮಿಷಕ್ಕೆ ತೆರೆದ. ಎರಡನೆಯದರಲ್ಲಿ ಸಿಕ್ಕಿಬಿದ್ದ. ಅಲ್ಲಿ ಫೈಲಿನ ಹೆಸರೇ ಒಂದು ಅಡ್ಡಗೆರೆ. ರಾತ್ರಿ 11ಕ್ಕೆ ಫೋನ್. "ಮಾವ, ಕ್ಯಾಟ್ ಹೊಡೆದು ಆ ಗೆರೆ ಹಾಕಿದ್ರೆ ಸುಮ್ನೆ ಕೂತ್ಬಿಡುತ್ತೆ. ಬೈಯೋದೂ ಇಲ್ಲ, ಬಿಡೋದೂ ಇಲ್ಲ." 'ಕ್ಯಾಟ್' ಬೆಕ್ಕಲ್ಲ, ಫೈಲಿನಲ್ಲಿರುವುದನ್ನು ಪರದೆಗೆ ಸುರಿಯುವ ಕಮಾಂಡ್. ನಾನು ಕೇಳಿದೆ, ಏನಾದರೂ ಟೈಪ್ ಮಾಡಿ ಎಂಟರ್ ಒತ್ತಿ ನೋಡು, ಏನಾಗುತ್ತೆ? ಸ್ವಲ್ಪ ಹೊತ್ತು ಟಕಟಕ ಸದ್ದು. "ನಾನು ಹೇಳಿದ್ದನ್ನೇ ತಿರುಗಿ ಹೇಳ್ತಿದೆ ಮಾವ." ಅಂದರೆ? ಈ ಸಲ ತುಂಬಾ ಹೊತ್ತು ಸುಮ್ಮನಿದ್ದ. ಹಿಂದೆ ಅಕ್ಕ ಯಾರೋ ಅದು ಈ ಹೊತ್ತಿನಲ್ಲಿ ಅಂತ ಗದರುವುದು ಕೇಳಿಸಿತು. "ಅಂದ್ರೆ... ಅದು ಫೈಲ್ ನೋಡ್ತಾನೇ ಇಲ್ಲ. ನನ್ನ ಕೀಬೋರ್ಡ್ ನೋಡ್ತಿದೆ." ಹೌದು. ಅಷ್ಟು ಗೊತ್ತಾಯ್ತಲ್ಲ, ಇನ್ನು ಫೋನ್ ಇಡು ಅಂದೆ. 11.40ಕ್ಕೆ ವಾಟ್ಸ್‌ಆ್ಯಪಿನಲ್ಲಿ ಒಂದು ಹೆಬ್ಬೆಟ್ಟು ಬಂತು. ಉತ್ತರ ಇಲ್ಲಿ ಬರೆಯುವುದಿಲ್ಲ, ಆಟ ನಡೆಸುವವರು ಹಾಗೆ ಬರೆಯಬೇಡಿ ಅಂತ ಕೇಳಿಕೊಂಡಿದ್ದಾರೆ.

ಒಂದು ತಿಂಗಳ ಮೇಲೆ ನಾನೇ ತಿಪಟೂರಿಗೆ ಹೋಗಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿ ಇಬ್ಬರೂ ಕೂತು 'ಡಬ್ಲ್ಯೂಸಿ' ಜೊತೆ ಆಡಿದೆವು, ಅದು ಪದ, ಅಕ್ಷರ ಎಣಿಸುವ ಕಮಾಂಡ್. 'ಕನ್ನಡ' ಅನ್ನುವ ಪದ ಕೊಟ್ಟು ಎಣಿಸಿದರೆ ಒಂದು ರೀತಿಯಲ್ಲಿ 5 ಅಂತು, ಇನ್ನೊಂದು ರೀತಿಯಲ್ಲಿ 15 ಅಂತು. ಕಣ್ಣಿಗೆ ಕಾಣುವುದು 3. ಅವನಿಗೆ ತಲೆ ಕೆಟ್ಟುಹೋಯಿತು. ಕ, ನ, ಅದರ ಹಲಂತ, ಇನ್ನೊಂದು ನ, ಡ. ಇದು 5. ಕಂಪ್ಯೂಟರ್ ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ನಮ್ಮ ಒಂದೊಂದು ಅಕ್ಷರಕ್ಕೂ 3 ಬೈಟ್, ಅದಕ್ಕೇ 15. ಇಂಗ್ಲಿಷಿನಲ್ಲಿ ಕಲಿತವರಿಗೆ ಬೈಟ್ ಬೇರೆ ಅಕ್ಷರ ಬೇರೆ ಅನ್ನುವುದು ಎಷ್ಟೋ ವರ್ಷ ಅರಿವಿಗೇ ಬರುವುದಿಲ್ಲ, ಅವರಲ್ಲಿ ಎರಡೂ ಒಂದೇ. ಕಪ್ಪು ಪರದೆಯಲ್ಲಿ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗಿ ಕಂಡವು, ಅದು ಹಳೇ ರೋಗ, ಹೆಚ್ಚಿನ ಟರ್ಮಿನಲ್‌ಗಳು ಇನ್ನೂ ಅದನ್ನು ಸರಿ ಮಾಡಿಕೊಂಡಿಲ್ಲ.

45 ಸಾವಿರದ ವಿಷಯ

ಆ ಕೋರ್ಸಿನವರನ್ನು ನಾನು ಬೈಯಲು ಹೋಗುವುದಿಲ್ಲ. ಅಲ್ಲಿ ಬೆಳಗ್ಗೆ ಹೋಗಿ ಕೂರಲೇಬೇಕು, ಪಕ್ಕದಲ್ಲಿ ಅದೇ ಕಷ್ಟ ಪಡುವ ಇನ್ನೊಬ್ಬ ಇರುತ್ತಾನೆ, ಸಿಕ್ಕಿಬಿದ್ದರೆ ಎಬ್ಬಿಸಲು ಒಬ್ಬರಿರುತ್ತಾರೆ. ನನಗೆ ಅಣ್ಣ ಇದ್ದರು, ಅಳಿಯನಿಗೆ ರಾತ್ರಿ 11ಕ್ಕೆ ಫೋನ್ ಎತ್ತುವ ಮಾವ ಇದ್ದ. ಅದಿಲ್ಲದವರು ಏನು ಮಾಡಬೇಕು ಅನ್ನುವುದಕ್ಕೆ ನನ್ನ ಭಾಷಣದಲ್ಲಿ ಉತ್ತರ ಇರಲಿಲ್ಲ, ಇರಿಸುಮುರಿಸು ಆದದ್ದೂ ಅದಕ್ಕೇ. ಕಾಲೇಜಿನಲ್ಲಿದ್ದರೆ ಜಿಎಲ್‌ಯುಜಿ, ಅಂದರೆ ಲಿನಕ್ಸ್ ಬಳಸುವವರ ಬಳಗ, ಏನಾದರೂ ಇದೆಯಾ ನೋಡಿ. ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದವರು ಇಂಥ ಬಳಗಗಳನ್ನು ಕಟ್ಟಿದ್ದಾರೆ, ಶಿಬಿರಗಳನ್ನೂ ಮಾಡುತ್ತಾರೆ. ಇಲ್ಲದಿದ್ದರೆ ಇಬ್ಬರು ಸ್ನೇಹಿತರು ಸೇರಿ ಬ್ಯಾಂಡಿಟ್ ಆಡಿ, ಒಬ್ಬರ ಉತ್ತರ ಇನ್ನೊಬ್ಬರಿಗೆ ಹೇಳದೆ.

ಸರ್ಟಿಫಿಕೇಟ್ ಬೇಕು ಅನ್ನುವವರಿಗೂ ಒಂದು ಮಾತು. ಕಂಪನಿಗಳು ಕೇಳುವ, ರೆಡ್ ಹ್ಯಾಟ್ ಅನ್ನುವ ಲಿನಕ್ಸ್ ಕಂಪನಿಯ ಆರ್‌ಎಚ್‌ಸಿಎಸ್‌ಎ ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬುವುದು, ಸರಿ ಉತ್ತರಕ್ಕೆ ಟಿಕ್ ಹಾಕುವುದು ಇಲ್ಲ. ನಿಜವಾದ ಯಂತ್ರ ಕೊಟ್ಟು ಇದನ್ನು ಮಾಡು ಅನ್ನುತ್ತಾರೆ. ನನ್ನ ಪ್ಯಾಲಿಂಡ್ರೋಮ್ ಅಲ್ಲಿ ನಡೆಯುವುದಿಲ್ಲ. ಅಭ್ಯಾಸಕ್ಕೆ ರೆಡ್ ಹ್ಯಾಟ್‌ನವರೇ ಡೆವಲಪರ್ ಖಾತೆ ಮಾಡಿಕೊಂಡ ವ್ಯಕ್ತಿಗೆ ತಮ್ಮ ಲಿನಕ್ಸನ್ನು 16 ಯಂತ್ರಗಳವರೆಗೆ ಹಾಕಿಕೊಳ್ಳಲು ಪುಕ್ಕಟೆ ಕೊಡುತ್ತಾರೆ, ಇಲ್ಲದಿದ್ದರೆ ಅದೇ ಅಚ್ಚಿನ ಆಲ್ಮಾಲಿನಕ್ಸ್, ರಾಕಿ ಲಿನಕ್ಸ್ ಇವೆ.

ದೀಪಾವಳಿಗೆ ಅಕ್ಕ ಫೀಸಿಗೆ ಅಂತ ಎತ್ತಿಟ್ಟಿದ್ದರಲ್ಲಿ 11 ಸಾವಿರ ನನ್ನ ಕೈಗೆ ಕೊಟ್ಟಳು. ಉಳಿದದ್ದು ಚೀಟಿಗೆ ಹೋಯಿತು. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಎರಡು ಗಂಟೆ ಅಲೆದು ಒಂದು ಹಳೇ ಥಿಂಕ್‌ಪ್ಯಾಡ್ ತಂದೆ. 8 ಜಿಬಿ ರ‍್ಯಾಮ್, ಬ್ಯಾಟರಿ ಮುಕ್ಕಾಲು ಗಂಟೆ ಬರುತ್ತದೆ, ಆದರೆ ಕೀಬೋರ್ಡ್ ಬೆಣ್ಣೆ. ಅಂಗಡಿಯವರೇ ವಿಂಡೋಸ್ ಹಾಕಿಕೊಟ್ಟಿದ್ದರು. ಬಸ್ಸಿನಲ್ಲಿ ಕಳಿಸಿ, ಪೂರ್ತಿ ಅಳಿಸಿ ಡೆಬಿಯನ್ ಹಾಕಿಕೋ, ಹಾಳಾದರೆ ಮತ್ತೆ ಹಾಕು, ಇದು ನಿನ್ನ ಡಬ್ಬ ಅಂತ ಅಳಿಯನಿಗೆ ಹೇಳಿದೆ. ಹೇಳುವಾಗ ಸ್ವಲ್ಪ ಅಣ್ಣನ ದನಿಯೇ ಬಂದ ಹಾಗಾಯಿತು.

ಹತ್ತು ದಿನ ಬಿಟ್ಟು ಹಾಕಿದೆಯಾ ಅಂತ ಕೇಳಿದೆ.

"ಇಲ್ಲ ಮಾವ."

"ಯಾಕೋ?"

"ಅಮ್ಮ ಅದರಲ್ಲಿ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯೋಕೆ ಶುರು ಮಾಡಿದಾಳೆ. ಹದಿನೆಂಟು ಜನದ್ದು ಉಳಿತಾಯ, ಸಾಲ, ಬಡ್ಡಿ ಎಲ್ಲಾ ಅದರಲ್ಲೇ ಇದೆ. ಮುಟ್ಟಿದ್ರೆ ಕೈ ಮುರೀತೀನಿ ಅಂದಿದಾಳೆ."

ಈಗ ಅವನು ಡೆಬಿಯನ್ನನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು, ಅಮ್ಮ ಮಲಗಿದ ಮೇಲೆ ಅದರಿಂದ ಓಡಿಸುತ್ತಾನೆ. ಹೋದ ವಾರ ಆ ಪೆನ್‌ಡ್ರೈವೂ ಕೆಟ್ಟಿತಂತೆ. 350 ರೂಪಾಯಿ.